ವಿಯೆನ್ನಾದ ಮ್ಯೂಸಿಯಂಗೆ ಹೋದರೆ ಮೊದಲು ಕೂರುವ ಜಾಗ ನೋಡಿಕೊಳ್ಳಿ

ವಿಯೆನ್ನಾಕ್ಕೆ ಬಂದು ಎಂಟು ವರ್ಷವಾಯಿತು. ಮೇ ತಿಂಗಳು ಬಂತೆಂದರೆ ನಮ್ಮ ಮನೆಗೆ ನೆಂಟರು ಬರುತ್ತಾರೆ, ಸ್ನೇಹಿತರು ಬರುತ್ತಾರೆ, ಸ್ನೇಹಿತರ ಅಪ್ಪ ಅಮ್ಮನೂ ಬರುತ್ತಾರೆ. ಎಲ್ಲರ ಕೈಯಲ್ಲೂ ಒಂದು ಪಟ್ಟಿ ಇರುತ್ತದೆ. ಮೂರು ದಿನ, ಹನ್ನೊಂದು ಜಾಗ. ನಾನು ಆ ಪಟ್ಟಿಯನ್ನು ಊಟದ ಮೇಜಿನ ಮೇಲೆ ಹರಡಿ, ಪೆನ್ನು ತಗೊಂಡು ಅರ್ಧಕ್ಕರ್ಧ ಹೊಡೆದುಹಾಕುತ್ತೇನೆ. ಆಗ ಅವರಿಗೆ ಬೇಜಾರಾಗುತ್ತದೆ, ನನಗೆ ಗೊತ್ತು. ಆದರೂ ಬಿಡುವುದಿಲ್ಲ.

ಇದನ್ನು ಕಲಿಸಿದ್ದು ನಮ್ಮ ಅತ್ತೆ. ಅವರು ಮೊದಲ ಸಲ ಬಂದಾಗ ಒಂದೇ ದಿನ ಮೂರು ಮ್ಯೂಸಿಯಂ ಸುತ್ತಿಸಿದ್ದೆ. ಮೂರನೆಯದು ಕಲಾ ಇತಿಹಾಸ ಮ್ಯೂಸಿಯಂ. ಇಲ್ಲಿನವರ ಬಾಯಲ್ಲಿ ಅದು ಕುನ್ಸ್ಟ್‌ಹಿಸ್ಟೊರಿಶೆಸ್. ಅಲ್ಲಿ ಒಂದು ದೊಡ್ಡ ಕೋಣೆಯ ನಡುವೆ ಇದ್ದ ಸೋಫಾದ ಮೇಲೆ ಅತ್ತೆ ಕೂತೇಬಿಟ್ಟರು. ಶೂ ಲೇಸು ಸಡಿಲ ಮಾಡಿಕೊಂಡು, "ನೀವು ನೋಡ್ಕೊಂಡು ಬನ್ನಿ. ನನ್ನ ಕೈಲಿ ಇನ್ನು ಆಗಲ್ಲ" ಅಂದರು. ನಾವು ಮುಕ್ಕಾಲು ಗಂಟೆ ಬಿಟ್ಟು ವಾಪಸ್ ಬಂದೆವು. ಅಷ್ಟು ಹೊತ್ತೂ ಅವರು ಎದುರಿಗಿದ್ದ ಒಂದೇ ಚಿತ್ರ ನೋಡುತ್ತಾ ಕೂತಿದ್ದರು. ರಾತ್ರಿ ಊಟಕ್ಕೆ ಕೂತಾಗ ನಾವು ಯಾರೂ ಅವತ್ತು ನೋಡಿದ ನಾಲ್ಕು ಚಿತ್ರಗಳನ್ನೂ ಸರಿಯಾಗಿ ಹೇಳಲಾರದೆ ಹೋದೆವು. ಅತ್ತೆ ಮಾತ್ರ ಆ ಒಂದು ಚಿತ್ರವನ್ನು ಮೂಲೆ ಮೂಲೆಯೂ ಬಿಡದೆ ಹೇಳಿದರು.

ಆವತ್ತಿನಿಂದ ನನ್ನ ಲೆಕ್ಕ ಇಷ್ಟೇ. ದಿನಕ್ಕೆ ಒಂದು ಮ್ಯೂಸಿಯಂ. ಒಳಗೆ ಎರಡೂವರೆ ಗಂಟೆ. ಅದರಲ್ಲಿ ಅರ್ಧ ಗಂಟೆ ಒಂದೇ ಕೋಣೆಯಲ್ಲಿ, ಕೂತುಕೊಂಡು. ಉಳಿದದ್ದನ್ನು ನಡೆಯುತ್ತಾ ನೋಡಿದರೆ ಸಾಕು.

ಆ ಕೋಣೆ ಪೀಟರ್ ಬ್ರೂಗಲ್‌ನದು. 16ನೇ ಶತಮಾನದ ಫ್ಲಾಂಡರ್ಸ್ ಕಡೆಯ ಚಿತ್ರಕಾರ. ಅವನ ಕೈಯ ವರ್ಣಚಿತ್ರಗಳು ಇವತ್ತು ಉಳಿದಿರುವುದೇ ನಲವತ್ತು ಚಿಲ್ಲರೆ. ಅದರಲ್ಲಿ ಹನ್ನೆರಡು ಈ ಒಂದೇ ಮ್ಯೂಸಿಯಂನಲ್ಲಿವೆ. ಹಾಬ್ಸ್‌ಬರ್ಗ್ ಮನೆತನದವರು ಇಷ್ಟಪಟ್ಟು ಕೂಡಿಟ್ಟಿದ್ದರಿಂದ ಅವು ಇಲ್ಲಿಗೆ ಬಂದವು. ವಿಯೆನ್ನಾದಲ್ಲಿ ನಿಮಗೆ ಒಂದೇ ಮಧ್ಯಾಹ್ನ ಇದ್ದರೆ ಬೇರೆಲ್ಲ ಬಿಡಿ, ಇಲ್ಲಿಗೆ ಬನ್ನಿ. ಮೆಟ್ಟಿಲು ಹತ್ತಿ ಚಿತ್ರಗಳ ವಿಭಾಗಕ್ಕೆ ಬಂದು "ಬ್ರೂಗಲ್?" ಅಂದರೆ ಸಾಕು, ಯಾವ ಕಾವಲುಗಾರರನ್ನು ಕೇಳಿದರೂ ಕೈ ತೋರಿಸುತ್ತಾರೆ.

ಅತ್ತೆ ನೋಡುತ್ತಾ ಕೂತಿದ್ದು ರೈತರ ಮದುವೆ ಊಟದ ಚಿತ್ರ. ಒಂದು ಕಣಜದ ಮನೆಯಲ್ಲಿ ಉದ್ದ ಮೇಜು ಹಾಕಿದ್ದಾರೆ. ಮುಂದೆ ಇಬ್ಬರು ಬಡಿಸುವವರು ಗಂಜಿಯ ಬಟ್ಟಲುಗಳನ್ನು ಹೊತ್ತು ತರುತ್ತಿದ್ದಾರೆ. "ತಟ್ಟೆ ಅಲ್ಲ ಕಣೇ ಅದು, ಬಾಗಿಲು! ಬಾಗಿಲು ಕಿತ್ಕೊಂಡು ಬಂದು ಅದರ ಮೇಲೆ ಇಟ್ಟಿದಾರೆ" ಎಂದು ಅತ್ತೆ ತೋರಿಸಿದರು. ನಿಜ, ಬಾಗಿಲೇ. ಹಾಗೇ ಕೆಳಗೆ ನೋಡಿದರೆ ಒಂದು ಕಾಲು ಜಾಸ್ತಿ ಇರುವ ಹಾಗೆ ಕಾಣುತ್ತದೆ. ಅದು ಯಾರ ಕಾಲು ಎಂದು ಲೆಕ್ಕ ಹಾಕುತ್ತಾ ನಿಂತವರನ್ನು ಈ ಕೋಣೆಯಲ್ಲಿ ನಾನು ಎಷ್ಟೋ ಸಲ ನೋಡಿದ್ದೇನೆ. ವಾದ್ಯ ಊದುವವನ ಕಣ್ಣು ಊಟದ ಮೇಲಿದೆ. ನೆಲದ ಮೇಲೆ ಕೂತ ಮಗು ನವಿಲುಗರಿ ಸಿಕ್ಕಿಸಿದ ದೊಡ್ಡ ಟೋಪಿ ಹಾಕಿಕೊಂಡು ಬೆರಳು ನೆಕ್ಕುತ್ತಿದೆ. ಮದುಮಗಳು ಹಸಿರು ಬಟ್ಟೆಯ ಮುಂದೆ ಕೈ ಕಟ್ಟಿಕೊಂಡು, ಕಣ್ಣು ಅರ್ಧ ಮುಚ್ಚಿ ಕೂತಿದ್ದಾಳೆ.

"ಹೆಣ್ಣು ಸಿಕ್ಕಿದಳು. ಗಂಡು ಎಲ್ಲಿ?" ಎಂದು ಅತ್ತೆ ಕೇಳಿದರು. ನನಗೆ ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆ. ಈ ಚಿತ್ರವನ್ನು ಓದಿ ಕರಗತ ಮಾಡಿಕೊಂಡ ವಿದ್ವಾಂಸರಲ್ಲೂ ಇದರ ಬಗ್ಗೆ ಒಮ್ಮತ ಇಲ್ಲವಂತೆ. ಮ್ಯೂಸಿಯಂ ಅಂದರೆ ಎಂದೂ ಕಾಲಿಡದ ನಮ್ಮ ಅತ್ತೆ ಕೂತಲ್ಲೇ ಅದೇ ಪ್ರಶ್ನೆಗೆ ಬಂದಿದ್ದರು!

ಅದೇ ಕೋಣೆಯಲ್ಲಿ 1565ರ ಹಿಮದ ಚಿತ್ರ ಇದೆ, ಬೇಟೆಗಾರರು ಮನೆಗೆ ಮರಳುವುದು. ಇದನ್ನು ಮೊದಲು ದೂರದಿಂದ ನೋಡಿ, ಆ ಚಳಿ ಮೈಗೆ ತಾಗಲಿ. ಆಮೇಲೆ ಹತ್ತಿರ ಹೋಗಿ. ಮೂವರು ಬೇಟೆಗಾರರು, ಜೊತೆಗೆ ನಾಯಿಗಳ ಹಿಂಡು. ಸಿಕ್ಕಿದ್ದು ಮಾತ್ರ ಒಂದು ಬಡ ನರಿ. ನಾಯಿಗಳೂ ತಲೆ ತಗ್ಗಿಸಿಕೊಂಡಿವೆ. ಎಡಗಡೆ ಹೋಟೆಲಿನ ಬೋರ್ಡು ಒಂದೇ ಕೊಕ್ಕೆಯಲ್ಲಿ ಜೋತಾಡುತ್ತಿದೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಕ್ಕಳು ಆಡುತ್ತಿದ್ದಾರೆ. ಇನ್ನೂ ದೂರದಲ್ಲಿ, ಬೆರಳುಗುರಿನಷ್ಟು ಜಾಗದಲ್ಲಿ, ಒಂದು ಮನೆಯ ಚಿಮಣಿಗೆ ಬೆಂಕಿ ಹತ್ತಿದೆ. ಜನ ಏಣಿ ಹಾಕಿ ಆರಿಸಲು ಓಡಾಡುತ್ತಿದ್ದಾರೆ. ಆ ಬೆಂಕಿ ನನ್ನ ಕಣ್ಣಿಗೆ ಬಿದ್ದಿದ್ದು ನಾಲ್ಕನೇ ಸಲ ಹೋದಾಗ.

ಈಗ ದಿನ, ವಾರದ ವಿಷಯ. ಇದರಲ್ಲಿ ಎಡವುವವರೇ ಜಾಸ್ತಿ. ವಿಯೆನ್ನಾದಲ್ಲಿ ಎಲ್ಲ ಮ್ಯೂಸಿಯಂಗೂ ಒಂದೇ ದಿನ ರಜೆ ಇಲ್ಲ. ಕಲಾ ಇತಿಹಾಸ ಮ್ಯೂಸಿಯಂಗೆ ಬೇಸಿಗೆ ಬಿಟ್ಟರೆ ಉಳಿದ ತಿಂಗಳಲ್ಲಿ ಸೋಮವಾರ ರಜೆ. ಅದರ ಎದುರಿಗೇ ಇರುವ ನಿಸರ್ಗ ಮ್ಯೂಸಿಯಂಗೆ ಮಂಗಳವಾರ ರಜೆ. ಅರಮನೆಯ ಖಜಾನೆಗೂ ಮಂಗಳವಾರ. ಬೆಲ್ವೆಡೇರ್, ಆಲ್ಬರ್ಟೀನಾ ಎಲ್ಲ ದಿನವೂ ತೆರೆದಿರುತ್ತವೆ. ಒಂದು ಮಂಗಳವಾರ ಗೆಳತಿಯ ಇಬ್ಬರು ಮಕ್ಕಳನ್ನು ಡೈನೋಸಾರ್ ತೋರಿಸುತ್ತೇನೆ ಎಂದು ಕರೆದುಕೊಂಡು ಹೋಗಿ, ಮುಚ್ಚಿದ ಬಾಗಿಲ ಮುಂದೆ ನಿಂತಿದ್ದೆ. ಚಿಕ್ಕವನು ಅಳಲಿಲ್ಲ, ಸುಮ್ನೆ ಬಾಗಿಲನ್ನೇ ನೋಡಿದ. ಅದಕ್ಕೇ ಹೇಳುತ್ತೇನೆ, ಹೊರಡುವ ಹಿಂದಿನ ರಾತ್ರಿ ಆಯಾ ಮ್ಯೂಸಿಯಂನ ಸ್ವಂತ ವೆಬ್‌ಸೈಟಿನಲ್ಲಿ ಸಮಯ ನೋಡಿಕೊಳ್ಳಿ. ಹಬ್ಬದ ದಿನಗಳಲ್ಲಿ ಇದು ಬದಲಾಗುತ್ತಿರುತ್ತದೆ.

ಭಾನುವಾರ ಇಲ್ಲಿ ಅಂಗಡಿ ಮುಂಗಟ್ಟು ಬಹುತೇಕ ಎಲ್ಲ ಬಂದ್. ಮ್ಯೂಸಿಯಂ ತೆರೆದಿರುತ್ತದೆ. ಹಾಗಾಗಿ ಶಾಪಿಂಗ್ ಶನಿವಾರ, ಮ್ಯೂಸಿಯಂ ಭಾನುವಾರ ಇಟ್ಟುಕೊಳ್ಳಿ. ಗುರುವಾರ ಕಲಾ ಇತಿಹಾಸ ಮ್ಯೂಸಿಯಂ ರಾತ್ರಿ ಒಂಬತ್ತರವರೆಗೂ ಇರುತ್ತದೆ. ನನಗೆ ಅತಿ ಇಷ್ಟದ ಹೊತ್ತು ಅದು. ಆರೂವರೆ ದಾಟಿದರೆ ಗುಂಪುಗಳೆಲ್ಲ ಊಟಕ್ಕೆ ಹೊರಟುಹೋಗುತ್ತವೆ. ಮರದ ನೆಲದ ಮೇಲೆ ನಿಮ್ಮ ಹೆಜ್ಜೆ ಸದ್ದು ನಿಮಗೇ ಕೇಳಿಸುತ್ತದೆ.

ಟಿಕೆಟ್ ಮ್ಯೂಸಿಯಂನ ಸ್ವಂತ ಸೈಟಿನಲ್ಲೇ ತಗೊಳ್ಳಿ. ಹುಡುಕಿದಾಗ ಮೇಲೆ ಬರುವ ಮೊದಲ ಕೊಂಡಿ ಎಷ್ಟೋ ಸಲ ಮರುಮಾರಾಟದವರದು. ನಮ್ಮ ಮೈದುನ ಹಾಗೆ ಒಂದು ಕಡೆ ಕೊಂಡು, ಒಬ್ಬೊಬ್ಬರಿಗೆ ಒಂಬತ್ತು ಯೂರೋ ಜಾಸ್ತಿ ಕೊಟ್ಟ. ಸಿಕ್ಕಿದ್ದು ಅದೇ ಟಿಕೆಟ್. ಸರ್ಕಾರಿ ಮ್ಯೂಸಿಯಂಗಳಲ್ಲಿ 19 ವರ್ಷದ ಒಳಗಿನವರಿಗೆ ಪ್ರವೇಶ ಉಚಿತ, ಬೇರೆ ದೇಶದ ಮಕ್ಕಳಿಗೂ ಅಷ್ಟೇ. ಕಲಾ ಇತಿಹಾಸ, ನಿಸರ್ಗ, ಬೆಲ್ವೆಡೇರ್, ಆಲ್ಬರ್ಟೀನಾ, ತಾಂತ್ರಿಕ ಮ್ಯೂಸಿಯಂ, ಎಲ್ಲ ಇದರಲ್ಲಿ ಬರುತ್ತವೆ. ಮಕ್ಕಳ ವಯಸ್ಸು ತೋರಿಸಲು ಪಾಸ್‌ಪೋರ್ಟಿನ ಫೋಟೋ ಫೋನಿನಲ್ಲಿರಲಿ. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಹೆಚ್ಚಿನ ಕಡೆ ರಿಯಾಯಿತಿ ಉಂಟು, ಕೇಳಬೇಕು. ಇನ್ನು ಕಾರ್ಲ್ಸ್‌ಪ್ಲಾಟ್ಜ್‌ನಲ್ಲಿರುವ ವಿಯೆನ್ನಾ ನಗರದ ಮ್ಯೂಸಿಯಂ 2023ರ ಡಿಸೆಂಬರಿನಲ್ಲಿ ಹೊಸದಾಗಿ ತೆರೆಯಿತು. ಅದರ ಕಾಯಂ ಪ್ರದರ್ಶನ ಎಲ್ಲರಿಗೂ ಉಚಿತ. ಊರಿನ ಕಥೆ ತಿಳಿಯಬೇಕಾದರೆ ಮೊದಲ ದಿನವೇ ಅಲ್ಲಿಗೆ ಹೋಗಿ.

ಎಲ್ಲ ಸೇರಿಸಿದ ಪಾಸ್ ಬೇಕಾ ಎಂದು ಎಲ್ಲರೂ ಕೇಳುತ್ತಾರೆ. ದಿನಕ್ಕೆ ನಾಲ್ಕು ಜಾಗ ಓಡಿದರೆ ಮಾತ್ರ ಅದರ ದುಡ್ಡು ಹುಟ್ಟುತ್ತದೆ. ನನ್ನ ಲೆಕ್ಕದಲ್ಲಿ ಹೋಗುವವರಿಗೆ ಬೇಡ.

ಬಾಗಿಲ ಹತ್ತಿರ ಗಾರ್ಡರೋಬ್ ಎಂಬ ಬೋರ್ಡು ಇರುತ್ತದೆ. ಕೋಟು, ಛತ್ರಿ, ಬೆನ್ನಿನ ಬ್ಯಾಗು ಅಲ್ಲಿ ಕೊಡಬೇಕು. ಚಿಕ್ಕ ಬ್ಯಾಗಾದರೂ ಬೆನ್ನಿಗೆ ಹಾಕಿಕೊಂಡು ಒಳಗೆ ಬಿಡುವುದಿಲ್ಲ, ಅದು ಚಿತ್ರಕ್ಕೆ ತಾಗುತ್ತದೆ ಎಂಬ ಭಯ. ಚಳಿಗಾಲದಲ್ಲಿ ದಪ್ಪ ಕೋಟು ಕೊಡದೆ ತೋಳಿನ ಮೇಲೆ ಹಾಕಿಕೊಂಡು ಓಡಾಡುವವರನ್ನು ನೋಡುತ್ತೇನೆ. ಒಳಗೆ ಬೆಚ್ಚಗಿರುತ್ತದೆ, ಹತ್ತು ನಿಮಿಷಕ್ಕೆ ಸುಸ್ತು. ಕೊಟ್ಟುಬಿಡಿ. ಫೋಟೋ ಹೆಚ್ಚಿನ ಕಡೆ ತೆಗೆಯಬಹುದು, ಫ್ಲ್ಯಾಷ್ ಮಾತ್ರ ಬೇಡ.

ಕಲಾ ಇತಿಹಾಸ ಮ್ಯೂಸಿಯಂನ ದೊಡ್ಡ ಮೆಟ್ಟಿಲ ಮೇಲೆ ಇನ್ನೊಂದು ಕೆಲಸ ಮಾಡಿ. ತಲೆ ಎತ್ತಿ. ಕಂಬಗಳ ನಡುವೆ, ಕಮಾನಿನ ಮೂಲೆಗಳಲ್ಲಿ ಚಿತ್ರಗಳಿವೆ. ವಿಯೆನ್ನಾದ ಚಿತ್ರಕಾರ ಗುಸ್ತಾವ್ ಕ್ಲಿಮ್ಟ್ ಇನ್ನೂ ಹೆಸರು ಮಾಡದಿದ್ದ ಕಾಲದಲ್ಲಿ, ತಮ್ಮ ಅರ್ನ್ಸ್ಟ್ ಮತ್ತು ಗೆಳೆಯ ಫ್ರಾಂಟ್ಸ್ ಮಾಚ್ ಜೊತೆ ಸೇರಿ ಮಾಡಿದ್ದು. 1891ರಲ್ಲಿ ಮ್ಯೂಸಿಯಂ ತೆರೆಯುವ ಹೊತ್ತಿಗೆ ಅವು ಸಿದ್ಧವಾಗಿದ್ದವು. ಬರಿಗಣ್ಣಿಗೆ ತುಂಬಾ ಎತ್ತರ. ಫೋನಿನ ಕ್ಯಾಮೆರಾ ಝೂಮ್ ಮಾಡಿ ನೋಡಿ, ಆ ಈಜಿಪ್ಟಿನ ಹೆಣ್ಣಿನ ಹಿಂದೆ ಆಗಲೇ ಬಂಗಾರದ ಬಣ್ಣ ಇಣುಕುತ್ತಿದೆ.

ಹಾಗೆ ನೋಡಿಕೊಂಡು ಮರುದಿನ ಮೇಲಿನ ಬೆಲ್ವೆಡೇರ್ ಅರಮನೆಗೆ ಹೋದರೆ ಚೆಂದ. ಡಿ ನಂಬರಿನ ಟ್ರಾಮ್ ಹತ್ತಿದರೆ ಬಾಗಿಲಲ್ಲೇ ಇಳಿಸುತ್ತದೆ. ಕ್ಲಿಮ್ಟ್‌ನ 'ಚುಂಬನ' ಚಿತ್ರ ಇಲ್ಲಿದೆ, 1907-08ರದು. ಉದ್ದ ಅಗಲ ಎರಡೂ 180 ಸೆಂಟಿಮೀಟರ್. ಟಿಕೆಟ್ ಸಮಯ ಹಾಕಿ ಕೊಡುತ್ತಾರೆ. ದಿನದ ಮೊದಲ ಸಮಯ ತಗೊಳ್ಳಿ, ಒಳಗೆ ಬಂದ ತಕ್ಷಣ ನೇರ ಅಲ್ಲಿಗೆ ಹೋಗಿ. ಹತ್ತೂವರೆಯ ಮೇಲೆ ಫೋನುಗಳ ಹಿಂಡು ಅಡ್ಡ ಬರುತ್ತದೆ. ಎದುರಿಗೆ ನಿಂತು ನೋಡಿದ ಮೇಲೆ ಪಕ್ಕಕ್ಕೆ ಸರಿಯಿರಿ. ಬದಿಯಿಂದ ಬೆಳಕು ಬಿದ್ದಾಗ ಬಂಗಾರದ ರೇಕು ಬೇರೆಯೇ ಕಾಣುತ್ತದೆ. ಗಂಡಿನ ಮೈಮೇಲೆ ಚೌಕ ಚೌಕ, ಹೆಣ್ಣಿನ ಮೈಮೇಲೆ ಗುಂಡು ಗುಂಡು ಹೂವು. ಆಮೇಲೆ ಅವಳ ಪಾದ ನೋಡಿ. ಹೂವಿನ ನೆಲ ಅಲ್ಲಿಗೆ ಮುಗಿಯುತ್ತದೆ. ಅವಳ ಕಾಲ್ಬೆರಳು ಆ ಅಂಚನ್ನು ಹಿಡಿದುಕೊಂಡಿವೆ. ಟೀ ಕಪ್ಪು, ಚೀಲಗಳ ಮೇಲೆ ಅಚ್ಚು ಹಾಕುವಾಗ ಈ ಪಾದವನ್ನೇ ಕತ್ತರಿಸಿಬಿಡುತ್ತಾರೆ ಎಷ್ಟೋ ಸಲ.

ಕ್ಲಿಮ್ಟ್ ಬಂಗಾರದಲ್ಲಿ ಬರೆದ ಅಡೆಲೆ ಎಂಬ ಹೆಂಗಸಿನ ಚಿತ್ರ ಎಲ್ಲಿ ಎಂದು ಇಲ್ಲಿ ಹುಡುಕಬೇಡಿ. ನಾಜಿಗಳು ಯಹೂದಿ ಕುಟುಂಬದಿಂದ ಕಿತ್ತುಕೊಂಡಿದ್ದ ಚಿತ್ರ ಅದು. ಬಹಳ ವರ್ಷ ಇದೇ ಅರಮನೆಯಲ್ಲಿತ್ತು. 2006ರಲ್ಲಿ ವಾರಸುದಾರರಿಗೆ ಹಿಂತಿರುಗಿ ಕೊಟ್ಟರು. ಈಗ ನ್ಯೂಯಾರ್ಕಿನಲ್ಲಿದೆ. ಅದು ಹೋಗಿದ್ದು ಸರಿಯೇ. ಅದರ ಬದಲು ಮೆಸರ್‌ಶ್ಮಿಟ್ ಎಂಬ 18ನೇ ಶತಮಾನದ ಶಿಲ್ಪಿಯ ತಲೆಗಳನ್ನು ನೋಡಿ. ಮುಖ ಕಿವಿಚಿದ್ದು, ಬಾಯಿ ಬಿಗಿದದ್ದು. ಮಕ್ಕಳಿದ್ದರೆ ಒಂದೊಂದು ತಲೆ ಮುಂದೆಯೂ ನಿಂತು ಹಾಗೇ ಮುಖ ಮಾಡುತ್ತಾರೆ. ಕಾವಲುಗಾರರೂ ನಗುತ್ತಾರೆ.

ಆಲ್ಬರ್ಟೀನಾಕ್ಕೆ ಜರ್ಮನ್ ಚಿತ್ರಕಾರ ಡ್ಯೂರರ್ ಬರೆದ ಮೊಲ ನೋಡಲೆಂದು ಹೋಗುವವರಿಗೆ ಒಂದು ಮಾತು. 1502ರ ಆ ಚಿತ್ರ ಕಾಗದದ ಮೇಲಿನದು, ಬೆಳಕು ತಡೆಯುವುದಿಲ್ಲ. ಅಸಲಿಯನ್ನು ಅಪರೂಪಕ್ಕೆ ಹೊರಗೆ ತೆಗೆಯುತ್ತಾರೆ. ಉಳಿದ ಕಾಲ ನೀವು ನೋಡುವುದು ನಕಲು.

ಸೆಸೆಷನ್ ಎಂಬ ಕಲಾ ಪ್ರದರ್ಶನದ ಮನೆ ಚಿಕ್ಕದು, ಒಂದು ಗಂಟೆ ಸಾಕು. 1898ರ ಬಿಳಿ ಕಟ್ಟಡ, ತಲೆಯ ಮೇಲೆ ಬಂಗಾರದ ಎಲೆಗಳ ಗುಮ್ಮಟ. ಊರಿನವರು ಅದನ್ನು ಎಲೆಕೋಸು ಎನ್ನುತ್ತಾರೆ. ನೆಲಮಾಳಿಗೆಯಲ್ಲಿ ಕ್ಲಿಮ್ಟ್ 1902ರಲ್ಲಿ ಬೆಥೋವೆನ್‌ಗಾಗಿ ಮಾಡಿದ ಗೋಡೆಯುದ್ದದ ಚಿತ್ರ ಇದೆ, 34 ಮೀಟರ್. ಒಂಬತ್ತನೇ ಸಿಂಫನಿ ಕೇಳುತ್ತಾ ನೋಡಲು ಹೆಡ್‌ಫೋನ್ ಇರುತ್ತದೆ. ಎಡದಿಂದ ಶುರು ಮಾಡಿ, ಹಾಡು ಮುಗಿಯುವವರೆಗೂ ಕೂತುಕೊಳ್ಳಿ.

ಶೋನ್‌ಬ್ರುನ್ ಅರಮನೆಯ ಒಳಗೆ ಜನಜಂಗುಳಿ, ಬೆಂಚು ಕಡಿಮೆ. ವಯಸ್ಸಾದವರಿದ್ದರೆ ಚಿಕ್ಕ ಸುತ್ತು ಸಾಕು. ತೋಟಕ್ಕೆ ದುಡ್ಡಿಲ್ಲ, ಬೆಳಿಗ್ಗೆ ಬೇಗ ತೆರೆಯುತ್ತದೆ. ನಾನಾದರೆ ತೋಟದಲ್ಲಿ ನಡೆದು ವಾಪಸ್ ಬರುತ್ತೇನೆ.

ಸ್ಟೆಫಾನ್ ಚೌಕದಲ್ಲಿ ಬಿಳಿ ಕೂದಲಿನ ಟೋಪನ್, ಕೆಂಪು ನಿಲುವಂಗಿ ಹಾಕಿಕೊಂಡವರು ಸಂಗೀತ ಕಛೇರಿಯ ಟಿಕೆಟ್ ಮಾರಲು ಬರುತ್ತಾರೆ. ಅವು ಪ್ರವಾಸಿಗಳಿಗೆಂದೇ ಇಟ್ಟ ಕಾರ್ಯಕ್ರಮ. ಅದರ ಬದಲು ಸ್ಟಾಟ್ಸ್ಓಪರ್‌ನಲ್ಲಿ ನಿಂತು ನೋಡುವ ಜಾಗದ ಟಿಕೆಟ್ ತಗೊಳ್ಳಿ. 1869ರ ಆ ಒಪೇರಾ ಮನೆಯಲ್ಲಿ ದುಬಾರಿ ಕುರ್ಚಿಗೆ ಕೊಡುವುದರ ಒಂದು ಚೂರು ಕೊಟ್ಟರೆ ಸಾಕು. ಕೆಲವು ವರ್ಷದ ಹಿಂದೆ ಒಳಗೆ ಹೋದವರು ತಮ್ಮ ಸ್ಟೋಲನ್ನು ಕಂಬಿಗೆ ಕಟ್ಟುತ್ತಿದ್ದರು. ಅದು ಅವರ ಜಾಗ ಎಂಬ ಗುರುತು, ಯಾರೂ ಮುಟ್ಟುತ್ತಿರಲಿಲ್ಲ. ಕಟ್ಟಿ ಹೊರಗೆ ಹೋಗಿ ಕಾಫಿ ಕುಡಿದು ಬರಬಹುದಾಗಿತ್ತು. ನಾನು ಮೊದಲ ಸಲ ಸ್ಟೋಲ್ ಇಲ್ಲದೆ ಹೋಗಿದ್ದೆ. ಪಕ್ಕದ ಅಜ್ಜಿ ತಮ್ಮ ಚೀಲದಿಂದ ಇನ್ನೊಂದು ಕರವಸ್ತ್ರ ತೆಗೆದು ಕೊಟ್ಟರು. ಮುಂದೆ ಚಿಕ್ಕ ಪರದೆಯಲ್ಲಿ ಹಾಡಿನ ಅರ್ಥ ಇಂಗ್ಲಿಷಿನಲ್ಲಿ ಬರುತ್ತದೆ. ಕಾಲು ನೋವಾದರೆ ಮಧ್ಯಂತರದಲ್ಲಿ ಹೊರಟುಬಿಡಿ, ತಪ್ಪಿಲ್ಲ. ಜುಲೈ, ಆಗಸ್ಟ್ ಮಾತ್ರ ರಜೆ. ಆಗ ಬರುವವರಿಗೆ ಇದು ಸಿಗುವುದಿಲ್ಲ.

ಓಡಾಟಕ್ಕೆ ಟ್ರಾಮ್, ಮೆಟ್ರೋ ಸಾಕು. ಇಲ್ಲಿ ಮೆಟ್ರೋಗೆ ಗೇಟ್ ಇಲ್ಲ. ಮುದ್ರೆ ಬಿದ್ದಿರದ ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ನೀಲಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಬೇಕು. ಹಾಕಿಸದಿದ್ದರೆ, ಟಿಕೆಟ್ ಕೈಯಲ್ಲಿದ್ದರೂ ದಂಡ.

ನೀರಿನ ಬಾಟಲಿ ಕೊಳ್ಳಬೇಡಿ. ಇಲ್ಲಿನ ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಒರತೆಯಿಂದ ಬರುತ್ತದೆ, 1873ರಿಂದಲೂ. ತುಂಬಿಸಿಕೊಂಡು ಹೊರಡಿ. ಊಟದಲ್ಲಿ ಸಸ್ಯಾಹಾರಿಗಳು ಒಂದು ವಿಷಯ ನೆನಪಿಡಿ. ದೋಸೆಯ ಎಳೆಗಳ ಹಾಗೆ ಕಾಣುವ ಫ್ರಿಟಾಟನ್ ಸೂಪ್ ದನದ ಮಾಂಸದ ನೀರಿನಲ್ಲಿ ಮಾಡಿದ್ದು. ಆಲೂಗಡ್ಡೆ ಸಲಾಡಿಗೂ ಎಷ್ಟೋ ಕಡೆ ಅದೇ ನೀರು ಹಾಕುತ್ತಾರೆ. ಕೇಳಿಯೇ ತಿನ್ನಿ. ಚೀಸ್ ಹಾಕಿದ ಕೇಸ್‌ಷ್ಪೆಟ್ಸ್ಲೆ, ಸೇಬಿನ ಸ್ಟ್ರೂಡೆಲ್ ಹೊಟ್ಟೆ ತುಂಬಿಸುತ್ತವೆ. ಮ್ಯೂಸಿಯಂ ಮುಗಿದ ಮೇಲೆ ಒಂದು ಹಳೆಯ ಕಾಫಿ ಮನೆಗೆ ಹೋಗಿ ಮೆಲಾಂಜ್ ಹೇಳಿ. ಕಾಫಿ ಜೊತೆ ಒಂದು ಲೋಟ ನೀರು ಬರುತ್ತದೆ. ಒಂದು ಕಪ್ಪಿಗೆ ಎರಡು ಗಂಟೆ ಕೂತರೂ ಯಾರೂ ಏಳಿ ಎನ್ನುವುದಿಲ್ಲ. ನೋಡಿದ್ದನ್ನು ಮಾತಾಡಲು ಅದಕ್ಕಿಂತ ಒಳ್ಳೆ ಜಾಗ ಬೇಕಾ?

ನಿಸರ್ಗ ಮ್ಯೂಸಿಯಂಗೆ ಮಕ್ಕಳಿದ್ದರೆ ಅರ್ಧ ದಿನ ಕೊಡಿ. ದೊಡ್ಡವರೇ ಆದರೂ ವಿಲೆನ್‌ಡಾರ್ಫಿನ ಹೆಣ್ಣಿನ ಬೊಂಬೆ ನೋಡದೆ ಬರಬೇಡಿ. 1908ರಲ್ಲಿ ಡ್ಯಾನ್ಯೂಬ್ ನದಿ ದಂಡೆಯ ಹಳ್ಳಿಯಲ್ಲಿ ಸಿಕ್ಕಿದ್ದು. ಸುಮಾರು 29,500 ವರ್ಷ ಹಳೆಯದು. ಎತ್ತರ 11 ಸೆಂಟಿಮೀಟರ್, ಅಂಗೈಯಲ್ಲಿ ಹಿಡಿದು ಮುಚ್ಚಿಕೊಳ್ಳುವಷ್ಟು. ಅವಳಿಗೆಂದೇ ಒಂದು ಕತ್ತಲ ಗೂಡಿನಂಥ ಕೋಣೆ ಮಾಡಿದ್ದಾರೆ. ತಲೆಯ ಸುತ್ತ ಸುತ್ತಿರುವ ಜಡೆಯಂಥ ಗೆರೆಗಳನ್ನು ಹತ್ತಿರದಿಂದ ನೋಡಿ.

ಅತ್ತೆ ಹೋದ ಅಕ್ಟೋಬರಿನಲ್ಲಿ ಎರಡನೇ ಸಲ ಬಂದರು. ಪಟ್ಟಿ ಏನೂ ತಂದಿರಲಿಲ್ಲ. "ಆ ಮದುವೆ ಮನೆಗೆ ಹೋಗೋಣ" ಅಂದರು. ಗುರುವಾರ ಸಂಜೆ ಕರೆದುಕೊಂಡು ಹೋದೆ. ಕೋಟು ಕೊಟ್ಟು, ಮೆಟ್ಟಿಲು ನಿಧಾನವಾಗಿ ಹತ್ತಿ, ಅದೇ ಸೋಫಾದಲ್ಲಿ ಕೂತೆವು. ಎಂಟೂವರೆಯ ಹೊತ್ತಿಗೆ ಕೋಣೆಯಲ್ಲಿ ನಾವಿಬ್ಬರೇ. ಕಾವಲುಗಾರ ಬಂದು ಗಡಿಯಾರ ತೋರಿಸಿದ. ಅತ್ತೆ ಎದ್ದರು, ಚಿತ್ರದ ಹತ್ತಿರ ಹೋದರು. ಎಡಗಡೆ ಮೂಲೆಯಲ್ಲಿ ಬಗ್ಗಿಕೊಂಡು ಹೂಜಿಗೆ ಬಿಯರ್ ಬಗ್ಗಿಸುತ್ತಿರುವವನನ್ನು ಬೆರಳು ತಾಗಿಸದೆ ತೋರಿಸಿದರು.

"ಇವನೇ ಕಣೇ ಗಂಡು. ಮದುವೆ ದಿನಾನೂ ಕೂರೋಕೆ ಬಿಟ್ಟಿಲ್ಲ ನೋಡು ಪಾಪ."